ಮಾಡಿನ ಇಳಿಜಾರು ಮತ್ತು √180

ಶಿರಸಿ ಕಡೆಯ ಮಳೆಗೆ ಚಪ್ಪಟೆ ಮಾಡು, ಅಂದರೆ ಚಪ್ಪಟೆ ಛಾವಣಿ, ಆಗುವುದಿಲ್ಲ. ಹಂಚಿನ ಮೇಲೆ ನೀರು ನಿಲ್ಲಬಾರದು, ಸರ್ರನೆ ಇಳಿದು ಹೋಗಬೇಕು. ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಹಳೆ ಪಕಾಸು (ಹಂಚು ಹೊರುವ ಓರೆ ಮರ) ಬದಲಿಸಿದೆವು. ಗೋಡೆಯಿಂದ ಮನೆಯ ನಡುವಿಗೆ 12 ಅಡಿ. ಅಲ್ಲಿ ಮಾಡು ಗೋಡೆಗಿಂತ 6 ಅಡಿ ಎತ್ತರ. ಹಾಗಾದರೆ ಪಕಾಸಿನ ಉದ್ದ ಎಷ್ಟು? ಸೂರಿನ ಆಚೆ ಚಾಚುವ ತುಂಡಿನ ಲೆಕ್ಕ ಬೇರೆ, ಅದನ್ನು ಬಿಡಿ.

ಇದು ಲಂಬಕೋನ ತ್ರಿಭುಜ, ಪಕಾಸೇ ವಿಕರ್ಣ. 144ಕ್ಕೆ 36 ಕೂಡಿಸಿದರೆ 180. ಉತ್ತರ √180. ಮೊಬೈಲಿನಲ್ಲಿ ಒತ್ತಿದರೆ 13.416, ಅಂದರೆ ಹೆಚ್ಚುಕಡಿಮೆ 13 ಅಡಿ 5 ಇಂಚು. ಮರ ಕೊಯ್ಯಲು ಇಷ್ಟು ಸಾಕು. ಆದರೆ ಶಾಲೆಯಲ್ಲಿ ಇಲ್ಲಿಗೇ ಬಿಡುವುದಿಲ್ಲ, ‘ಸರಳ ರೂಪಕ್ಕೆ ತನ್ನಿ’ ಅನ್ನುತ್ತಾರೆ. 180 ಅಂದರೆ 36 × 5. 36ರ ವರ್ಗಮೂಲ 6 ಹೊರಗೆ ಬರುತ್ತದೆ, 5 ಒಳಗೇ ಉಳಿಯುತ್ತದೆ: 6√5. ಚಿಕ್ಕವನಿದ್ದಾಗ ನನಗೆ ಇದು ಸುಮ್ನೆ ಹೇರಿದ ಕೆಲಸ ಅನಿಸುತ್ತಿತ್ತು.

ಕೊಟ್ಟಿಗೆಯ ಮಾಡು ನೋಡಿದಾಗ ಅನಿಸಿಕೆ ಬದಲಾಯಿತು. ಅದರ ಅಳತೆ 8 ಅಡಿ ಮತ್ತು 4 ಅಡಿ. ಪಕಾಸು √80. √180, √80 — ಎರಡಕ್ಕೂ ಏನು ಸಂಬಂಧ? ಏನೂ ಕಾಣುವುದಿಲ್ಲ. ಸರಳ ಮಾಡಿ: 6√5, 4√5. ಎರಡರಲ್ಲೂ ಅದೇ √5! 2 ಅಡಿ, 1 ಅಡಿಯ ಒಂದು ಚಿಕ್ಕ ತ್ರಿಭುಜ ಇದೆ, ಅದರ ವಿಕರ್ಣ √5. ಅದನ್ನು ಆರು ಪಟ್ಟು ಹಿಗ್ಗಿಸಿದರೆ ಮನೆ, ನಾಲ್ಕು ಪಟ್ಟಾದರೆ ಕೊಟ್ಟಿಗೆ. ಹೊರಗೆ ಬಂದ ಸಂಖ್ಯೆ ಎಷ್ಟು ಪಟ್ಟು ಅಂತ ಹೇಳುತ್ತಿದೆ. ಹಾಗಾಗಿ ದೊಡ್ಡ ವರ್ಗಗಳನ್ನು ಕೂಡಿಸುವ ಮೊದಲೇ ಎರಡೂ ಬದಿಯ ಸಾಮಾನ್ಯ ಅಪವರ್ತನವನ್ನು ಹೊರಗೆ ತೆಗೆಯಿರಿ. ಲೆಕ್ಕ ಬಾಯಲ್ಲೇ ಮುಗಿಯುತ್ತದೆ.

ಹೀಗೆ ಒಳಗೆ ಉಳಿಯುವ ಮೂಲಕ್ಕೆ ನಮ್ಮ ಪುಸ್ತಕಗಳಲ್ಲಿ ಕರಣಿ ಅನ್ನುತ್ತಾರೆ. ತುಂಬಾ ಹಳೆಯ ಮಾತು. ಯಜ್ಞವೇದಿಯನ್ನು ಹಗ್ಗದಿಂದ ಅಳೆಯುವ ಶುಲ್ಬಸೂತ್ರಗಳಲ್ಲಿ √2ಕ್ಕೆ ದ್ವಿಕರಣಿ ಎಂಬ ಹೆಸರಿದೆ: ಎರಡು ಪಟ್ಟು ದೊಡ್ಡ ಚೌಕವನ್ನು ಮಾಡಿಕೊಡುವ ಬಾಹು.

ಆದರೆ ಕರಣಿ ಒಂದೇ ಆದರೆ ಆಕಾರವೂ ಒಂದೇ ಅಂತ ನಂಬಬೇಡಿ. 5 ಮತ್ತು 5ರ ವಿಕರ್ಣ √50, ಅಂದರೆ 5√2. 7 ಮತ್ತು 1ರದ್ದೂ ಅದೇ! ಒಂದು ಕಡಿದಾದ ಏಣಿ, ಇನ್ನೊಂದು ಸರಿ ಅರ್ಧಕ್ಕೆ ವಾಲಿದ ಏಣಿ. ಉದ್ದ ಮಾತ್ರ ಒಂದೇ. 7 ಮತ್ತು 1ಕ್ಕೆ ಸಾಮಾನ್ಯ ಅಪವರ್ತನವೇ ಇಲ್ಲ, ಆದರೂ 5 ಹೊರಗೆ ಬಂತು.

5 ಹೀಗೆ ಬರಬಹುದು. 3 ಬರಲಾರದು. ಯಾವುದೇ ಪೂರ್ಣಸಂಖ್ಯೆಯ ವರ್ಗವನ್ನು 3ರಿಂದ ಭಾಗಿಸಿ, ಶೇಷ 0 ಅಥವಾ 1, ಬೇರೆ ಇಲ್ಲ. 3 ಹೊರಗೆ ಬರಬೇಕಾದರೆ ಮೊತ್ತವನ್ನು 3ರಿಂದ ಭಾಗಿಸಿದಾಗ ಶೇಷ 0 ಇರಬೇಕು. ಎರಡು ವರ್ಗ ಕೂಡಿಸಿ ಶೇಷ 0 ಬರಬೇಕಾದರೆ ಎರಡರದ್ದೂ 0 ಆಗಿರಲೇಬೇಕು, ಅಲ್ವಾ? ಅಂದರೆ ಎರಡೂ ಬದಿಯಲ್ಲಿ 3 ಇರಲೇಬೇಕು. ವರ್ಗವನ್ನು 4ರಿಂದ ಭಾಗಿಸಿದರೂ ಇದೇ ಕಥೆ, ಹಾಗಾಗಿ ಹೊರಗೆ 2 ಬಂದರೆ ಎರಡೂ ಬದಿ ಸಮಸಂಖ್ಯೆ.

ಈಗ ನಮ್ಮ ಮನೆ ನೋಡದವರ ಕೈಗೆ √180 ಅಂತ ಬರೆದ ಚೀಟಿ ಕೊಡಿ. ಅಳತೆ ಪೂರ್ಣ ಅಡಿಗಳಲ್ಲಿದೆ ಅಂತ ಮಾತ್ರ ಹೇಳಿ. ಹೊರಗೆ 6 ಬರುತ್ತದೆ, ಆದ್ದರಿಂದ ಎರಡೂ ಬದಿಯಲ್ಲಿ 6 ಇದೆ. ಉಳಿದದ್ದು 5. ಅದು 4 ಮತ್ತು 1ರ ಮೊತ್ತ ಮಾತ್ರ. ಬದಿಗಳು 12 ಮತ್ತು 6.