ವೇಪ್ ಜೊತೆಗೆ ನಾಲ್ಕೇ ಸಿಗರೇಟು

ತಂಬಾಕು ಬಿಡಿಸುವ ಕ್ಲಿನಿಕ್ಕಿಗೆ ಬರುವ ಓದಿದವರಿಗೆ ಈಗೀಗ ಒಂದು ಮಾತು ಬಾಯಿಪಾಠವಾಗಿದೆ. 'ಡಾಕ್ಟ್ರೇ, ಗಮ್‌ಗಿಂತ ವೇಪ್ ಎರಡು ಪಟ್ಟು ಒಳ್ಳೇದಂತೆ. ಇಂಗ್ಲೆಂಡಲ್ಲಿ ರಿಸರ್ಚ್ ಆಗಿದೆ.' ವೇಪ್ ಅಂದರೆ ಇ-ಸಿಗರೇಟು, ಗಮ್ ಅಂದರೆ ಸಿಗರೇಟಿನ ಬದಲು ಜಗಿಯುವ ನಿಕೋಟಿನ್ ಗಮ್. ರಿಸರ್ಚ್ ಆಗಿರುವುದು ನಿಜ. ಆದರೆ ಅದರ ಬೆನ್ನಿಗೇ ಬರುವ ಮಾತು ಕೇಳಿ: 'ನಾನೂ ಅದನ್ನೇ ಮಾಡ್ತಿದೀನಿ. ದಿನಕ್ಕೆ ಹದಿನೈದು ಸೇದ್ತಿದ್ದೆ, ಈಗ ಎಂಟು ತಿಂಗಳಿಂದ ವೇಪ್ ಜೊತೆಗೆ ನಾಲ್ಕೇ.' ಆ 'ನಾಲ್ಕೇ'ಯಲ್ಲಿರುವ ಹೆಮ್ಮೆಗೆ ನೀರೆರಚಲು ಯಾರಿಗೂ ಮನಸ್ಸು ಬರುವುದಿಲ್ಲ. ಎರಚದೆ ವಿಧಿಯಿಲ್ಲ. ಯಾವ ಅಧ್ಯಯನದ ಹೆಸರು ಹೇಳಿ ಅವರು ಸಮಾಧಾನಪಟ್ಟುಕೊಳ್ಳುತ್ತಿದ್ದಾರೋ, ಅದೇ ಅಧ್ಯಯನದ ಲೆಕ್ಕದಲ್ಲಿ ಅವರು ಸೋತವರ ಸಾಲಿನಲ್ಲಿದ್ದಾರೆ.

ಅವರು ಹೇಳುವುದು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಪೀಟರ್ ಹಾಜೆಕ್ ಮತ್ತು ಸಂಗಡಿಗರು 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯ ಧೂಮಪಾನ ಬಿಡಿಸುವ ಕೇಂದ್ರಗಳಿಗೆ ತಾವಾಗಿಯೇ ಬಂದಿದ್ದ 886 ಜನ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದ್ರವ ತುಂಬಿಸಿಕೊಳ್ಳುವ ಇ-ಸಿಗರೇಟು ಮತ್ತು ಮಿಲಿಲೀಟರಿಗೆ 18 ಮಿಲಿಗ್ರಾಂ ನಿಕೋಟಿನ್ ಇರುವ ಒಂದು ಬಾಟಲಿ. ಇನ್ನೊಂದು ಗುಂಪಿಗೆ ನಿಕೋಟಿನ್ ಕೊಡುವ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ), ಗಮ್, ಸ್ಪ್ರೇ ಯಾವುದು ಬೇಕೋ ಅದು, ಮೂರು ತಿಂಗಳವರೆಗೆ. ಅವರಲ್ಲಿ ಹೆಚ್ಚಿನವರು ಎರಡು ಬಗೆಯನ್ನು ಒಟ್ಟಿಗೇ ಬಳಸಿದರು. ಎರಡೂ ಗುಂಪಿಗೆ ಕನಿಷ್ಠ ನಾಲ್ಕು ವಾರ, ವಾರಕ್ಕೊಮ್ಮೆ ಎದುರು ಕೂತು ಸಲಹೆ. ವರ್ಷದ ಕೊನೆಗೆ ಬಿಟ್ಟೇ ಉಳಿದವರು ಇ-ಸಿಗರೇಟಿನ ಗುಂಪಿನಲ್ಲಿ ಶೇ 18, ಇನ್ನೊಂದರಲ್ಲಿ ಶೇ 9.9. 'ಎರಡು ಪಟ್ಟು' ಹುಟ್ಟಿದ್ದು ಇಲ್ಲಿ. ಗೆದ್ದ ಗುಂಪಿನಲ್ಲೂ ನೂರಕ್ಕೆ 82 ಜನರಿಗೆ ಬಿಡಲಾಗಲಿಲ್ಲ ಅನ್ನುವುದು ಅದೇ ಅಂಕಿಯ ಇನ್ನೊಂದು ಮಗ್ಗುಲು.

ಇಲ್ಲಿ 'ಬಿಟ್ಟವರು' ಎಂದರೆ ಯಾರು? ಇದೊಂದನ್ನು ಬಿಡಿಸಿ ಬಿಡಿಸಿ ಹೇಳಬೇಕಾಗುತ್ತದೆ. ಬಿಡುವ ದಿನವನ್ನು ಮೊದಲೇ ಗೊತ್ತುಮಾಡುತ್ತಾರೆ. ಆ ದಿನದ ನಂತರ ಎರಡು ವಾರ ರಿಯಾಯಿತಿ, ಎಡವಿದರೂ ಪರವಾಗಿಲ್ಲ. ಅದಾದ ಮೇಲೆ ವರ್ಷ ಮುಗಿಯುವವರೆಗೆ ಸೇದಿದ್ದು ಒಟ್ಟು ಐದು ಸಿಗರೇಟು ದಾಟಿರಬಾರದು. ದಿನಕ್ಕೆ ಐದಲ್ಲ, ವಾರಕ್ಕೆ ಐದಲ್ಲ, ಅಷ್ಟೂ ತಿಂಗಳಿಗೆ ಐದು. ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಉಸಿರಿನ ಪರೀಕ್ಷೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 8 ಪಿಪಿಎಂಗಿಂತ (ಹತ್ತು ಲಕ್ಷಕ್ಕೆ 8 ಭಾಗ) ಕಡಿಮೆ ಬರಬೇಕು. ವರ್ಷದ ಕೊನೆಗೆ ಸಂಪರ್ಕಕ್ಕೇ ಸಿಗದವರನ್ನು ಸೇದುತ್ತಿದ್ದಾರೆ ಎಂದೇ ಲೆಕ್ಕಕ್ಕೆ ಹಿಡಿದರು. ಅರ್ಧಕ್ಕರ್ಧ ಕಡಿಮೆ ಮಾಡಿದವರನ್ನು ಬೇರೆಯಾಗಿ ಎಣಿಸಿದರೇ ಹೊರತು ಈ ಶೇ 18ರೊಳಗೆ ಸೇರಿಸಲಿಲ್ಲ. ದಿನಕ್ಕೆ ನಾಲ್ಕು ಸೇದುವವರು ಒಂದೂವರೆ ದಿನದಲ್ಲೇ ಆ ಲೆಕ್ಕದಿಂದ ಹೊರಗೆ.

ಉಸಿರು ಊದುವ ಯಂತ್ರದ ಬಗ್ಗೆಯೂ ಒಂದು ಮಾತು. ಉಸಿರು ಒಳಗೆಳೆದು ಹದಿನೈದು ಸೆಕೆಂಡು ಹಿಡಿದಿಟ್ಟು, ಮೆಲ್ಲಗೆ ಪೂರ್ತಿ ಊದಬೇಕು. ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿ ಹುಟ್ಟುವುದು ಏನಾದರೂ ಸುಟ್ಟಾಗ. ವೇಪ್‌ನಲ್ಲಿ ದ್ರವ ಕಾಯುತ್ತದೆ, ಉರಿಯುವುದಿಲ್ಲ. ಹಾಗಾಗಿ ಈ ಯಂತ್ರ ಸಿಗರೇಟು, ಬೀಡಿಯನ್ನು ಹಿಡಿಯುತ್ತದೆ, ನಿಕೋಟಿನ್ನನ್ನು ಅಲ್ಲ. ರಕ್ತದಲ್ಲಿ ಈ ಅನಿಲದ ಮಟ್ಟ ನಾಲ್ಕೈದು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಬೆಳಿಗ್ಗೆಯಿಂದ ಹಲ್ಲು ಕಚ್ಚಿಕೊಂಡು ಸೇದದೆ, ಸಂಜೆ ಬಂದು ಊದಿ ಕಡಿಮೆ ಅಂಕಿ ತೋರಿಸಿ ಖುಷಿಪಡುವವರಿದ್ದಾರೆ. ಡಾಕ್ಟರಿಗೆ ಬೇಜಾರಾಗಬಾರದು ಅಂತ ಪಾಪ ಅಷ್ಟು ಕಷ್ಟಪಟ್ಟಿರುತ್ತಾರೆ, ಬೈಯಲು ಬಾಯಿ ಬರುವುದಿಲ್ಲ.

'ಹದಿನೈದರಿಂದ ನಾಲ್ಕಕ್ಕೆ ಬಂದರೆ ಅಪಾಯವೂ ಕಾಲು ಭಾಗಕ್ಕೆ ಬರಬೇಕಲ್ಲ?' ಗಣಿತ ಸರಿ, ಹೃದಯ ಆ ಗಣಿತ ಕೇಳುವುದಿಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಬಂತು. ದಿನಕ್ಕೆ 20 ಸೇದುವವರಿಗೆ ಹೃದ್ರೋಗದ ಹೆಚ್ಚುವರಿ ಅಪಾಯ ಎಷ್ಟಿದೆಯೋ, ದಿನಕ್ಕೆ ಒಂದೇ ಒಂದು ಸೇದುವವರಿಗೂ ಅದರ ಸುಮಾರು ಅರ್ಧದಷ್ಟು ಇದೆ. ಶ್ವಾಸಕೋಶದ ಕ್ಯಾನ್ಸರಿನ ಮಾತು ಬೇರೆ. ಅಲ್ಲಿ ಎಷ್ಟು ಸೇದಿದಿರಿ, ಎಷ್ಟು ವರ್ಷ ಸೇದಿದಿರಿ ಎಂಬ ಲೆಕ್ಕಕ್ಕೆ ಬೆಲೆಯಿದೆ. ಇದರ ಜೊತೆಗೆ, ಸಂಖ್ಯೆ ಕಡಿಮೆಯಾದಾಗ ಒಂದೊಂದನ್ನೂ ಆಳಕ್ಕೆಳೆದು ಫಿಲ್ಟರ್ ಮುಟ್ಟುವವರೆಗೆ ಸೇದುವುದು ಸಾಮಾನ್ಯ. ಉಳಿಸಿಕೊಂಡ ಆ ನಾಲ್ಕು ಎಂಥವು ಎಂದೂ ನೋಡಬೇಕು. ಎದ್ದ ಕೂಡಲೇ ಕಾಫಿ ಜೊತೆಗಿನದು, ಊಟದ ನಂತರದ್ದು, ಮ್ಯಾನೇಜರ್ ಫೋನ್ ಇಟ್ಟ ಮೇಲಿನದು, ರಾತ್ರಿಯದು. ಚಟದ ಬೇರು ಇರುವುದೇ ಈ ನಾಲ್ಕರಲ್ಲಿ. ಬಿಟ್ಟ ಹನ್ನೊಂದು ಸುಮ್ಮನೆ ಕೈಗೆ ಬಂದು ಬಾಯಿಗೆ ಹೋಗುತ್ತಿದ್ದವು. ಮನೆಯಲ್ಲೊಂದು ಕಾಯಿಲೆ, ಆಫೀಸಿನಲ್ಲೊಂದು ರಗಳೆ ಬಂದ ವಾರ ನಾಲ್ಕು ಮತ್ತೆ ಹದಿನೈದಾಗಲು ತಡವಾಗುವುದಿಲ್ಲ.

ಹಾಗಂತ ಕಡಿಮೆ ಮಾಡುವುದೇ ತಪ್ಪೆಂದು ಹೇಳುತ್ತಿಲ್ಲ. ಕೊನೆಯ ದಿನ ಗೊತ್ತುಮಾಡಿಕೊಂಡು ಇಳಿಸುತ್ತಾ ಬರುವ ಕ್ರಮ ಇದೆ: ಮೊದಲ ನಾಲ್ಕು ವಾರದಲ್ಲಿ ಅರ್ಧ, ಎಂಟನೇ ವಾರದ ಹೊತ್ತಿಗೆ ಕಾಲು, ಹನ್ನೆರಡಕ್ಕೆ ಸೊನ್ನೆ. ಧೂಮಪಾನ ಬಿಡಿಸಲು ಕೊಡುವ ವರೆನಿಕ್ಲಿನ್ ಮಾತ್ರೆಯ ಜೊತೆ ಹೀಗೆ ಮಾಡಿಸುತ್ತೇವೆ. ನನ್ನ ತಕರಾರು ಎಂಟು ತಿಂಗಳಿಂದ ನಾಲ್ಕರಲ್ಲೇ ಬೀಡುಬಿಟ್ಟವರ ಬಗ್ಗೆ.

ಈ ವಿಷಯದಲ್ಲಿ ಒಂದೇ ಅಧ್ಯಯನ ಓದಿ ನಿಲ್ಲಿಸಬಾರದು. 2024ರಲ್ಲಿ ಸ್ವಿಟ್ಜರ್ಲೆಂಡಿನಿಂದ 1,246 ಜನರ ಅಧ್ಯಯನ ಬಂತು. ಆರು ತಿಂಗಳಿಗೆ ಸಿಗರೇಟು ಬಿಟ್ಟವರು ಇ-ಸಿಗರೇಟು ಕೊಟ್ಟ ಗುಂಪಿನಲ್ಲಿ ಶೇ 28.9, ಇ-ಸಿಗರೇಟು ಕೊಡದೆ ಮಾಮೂಲಿ ಸಲಹೆ ಕೊಟ್ಟ ಗುಂಪಿನಲ್ಲಿ ಶೇ 16.3. ಅದೇ ಅಧ್ಯಯನದಲ್ಲಿ ನಿಕೋಟಿನ್ನನ್ನೇ ಪೂರ್ತಿ ಬಿಟ್ಟವರು ಎಷ್ಟು ಎಂದು ಕೇಳಿದರೆ ಲೆಕ್ಕ ತಿರುಗಿ ನಿಲ್ಲುತ್ತದೆ: ಶೇ 20.1 ಮತ್ತು ಶೇ 33.7. ಹಾಜೆಕ್ ಅಧ್ಯಯನದಲ್ಲೂ ಅಷ್ಟೇ. ವೇಪ್‌ನಿಂದ ಸಿಗರೇಟು ಬಿಟ್ಟವರಲ್ಲಿ ಶೇ 80 ಜನ ವರ್ಷದ ನಂತರವೂ ವೇಪ್ ಹಿಡಿದೇ ಇದ್ದರು. ಗಮ್, ಪ್ಯಾಚ್‌ನಿಂದ ಬಿಟ್ಟವರಲ್ಲಿ ಅವನ್ನು ಇನ್ನೂ ಬಳಸುತ್ತಿದ್ದವರು ಶೇ 9. ಇಂಥ ಪ್ರಯೋಗಗಳನ್ನೆಲ್ಲ ಸೇರಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯ ತೀರ್ಮಾನದಂತೆ, ಗಮ್, ಪ್ಯಾಚ್‌ನಿಂದ ನೂರಕ್ಕೆ ಆರು ಜನ ಬಿಟ್ಟರೆ ಇ-ಸಿಗರೇಟಿನಿಂದ ಸುಮಾರು ನಾಲ್ಕು ಜನ ಹೆಚ್ಚು. ನಾಲ್ಕು ಜನ ಸಣ್ಣ ಸಂಖ್ಯೆಯಲ್ಲ, ಪವಾಡವೂ ಅಲ್ಲ. ಉತ್ತರ ಫಿನ್ಲೆಂಡಿನಲ್ಲಿ 458 ಜನರನ್ನಿಟ್ಟುಕೊಂಡು ನೇರವಾಗಿ ಹೋಲಿಸಿದಾಗ ವರೆನಿಕ್ಲಿನ್ ಮಾತ್ರೆ ಇ-ಸಿಗರೇಟಿನ ಸಮಕ್ಕೇ ನಿಂತಿತು: ಆರು ತಿಂಗಳಿಗೆ ಶೇ 43.8 ಮತ್ತು ಶೇ 40.4. ಈ ಸುದ್ದಿಯನ್ನು ಮಾತ್ರ ಯಾರೂ ಮೊಬೈಲಿನಲ್ಲಿ ತೋರಿಸಲು ತರುವುದಿಲ್ಲ.

ಇನ್ನು ನಮ್ಮ ಊರಿನ ಮಾತು. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು, 2019ರ ಕೇಂದ್ರ ಕಾಯ್ದೆಯ ಪ್ರಕಾರ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಬರೆದುಕೊಡಲು ನಮಗೆ ಬರುವುದಿಲ್ಲ, ಲಂಡನ್ನಿನಲ್ಲಿರುವ ಮಗನಿಂದ ತರಿಸಿಕೊಳ್ಳಲು ನಿಮಗೂ ಬರುವುದಿಲ್ಲ. ಕದ್ದುಮುಚ್ಚಿ ಸಿಗುವ ಸರಕಿಗೂ ಆ ಅಧ್ಯಯನಕ್ಕೂ ಸಂಬಂಧವಿಲ್ಲ. ಬ್ರಿಟನ್ನಿನಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ದಾಟುವಂತಿಲ್ಲ. ಇಲ್ಲಿ ಜೇಬಿನಿಂದ ಹೊರಬರುವ ಬಣ್ಣಬಣ್ಣದ ಡಬ್ಬಿಗಳ ಮೇಲೆ '5%' ಎಂದಿರುತ್ತದೆ. ಐದೇ ತಾನೇ ಅಂದುಕೊಳ್ಳುತ್ತಾರೆ. ಅದು ಮಿಲಿಲೀಟರಿಗೆ 50 ಮಿಲಿಗ್ರಾಂ. ಅದೂ ಬರೆದದ್ದು ನಿಜವಾಗಿದ್ದರೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿದವರಿಗೆ ಶ್ವಾಸಕೋಶ ಕೆಟ್ಟು 68 ಜನ ಸತ್ತರಲ್ಲ, ಅದನ್ನು ತೋರಿಸಿ ಹೆದರಿಸುವುದು ನನಗೆ ಸರಿಕಾಣುವುದಿಲ್ಲ. ಅದು ಬಹುಪಾಲು ಗಾಂಜಾ ಅಂಶದ ದ್ರವಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್‌ನ ಕೆಲಸ. ಆದರೆ ಕಳ್ಳಸಂತೆಯ ಡಬ್ಬಿಯೊಳಗೆ ಏನಿದೆ ಎಂದು ಹೇಳುವವರಿಲ್ಲದಿದ್ದಾಗ ಏನಾಗಬಹುದು ಎಂಬುದಕ್ಕೆ ಅದು ಸಾಕ್ಷಿ. ಇಂಗ್ಲೆಂಡಿನಲ್ಲೇ ನೆಲೆಸಿರುವ ಕನ್ನಡಿಗರಿಗೆ ನನ್ನ ಸಲಹೆ ಬೇರೆ: ಅಲ್ಲಿನ ಧೂಮಪಾನ ಬಿಡಿಸುವ ಕೇಂದ್ರಕ್ಕೆ ಹೋಗಿ, ಅವರು ವೇಪ್ ಕೊಟ್ಟರೆ ಬಳಸಿ, ಆ ದಿನದಿಂದ ಸಿಗರೇಟು ಪೂರ್ತಿ ನಿಲ್ಲಿಸಿ. ಬೀಡಿ, ಗುಟ್ಕಾ, ಕಡ್ಡಿಪುಡಿಯವರಿಗೆ ಈ ಅಧ್ಯಯನಗಳು ಏನನ್ನೂ ಹೇಳುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ 4, ಬೀಡಿಯವರು ಶೇ 7.7, ಹೊಗೆಯಿಲ್ಲದ ತಂಬಾಕಿನವರು ಶೇ 21.4.

'ಗಮ್ ನೋಡಿದೀನಿ, ಕೆಲಸ ಮಾಡಲ್ಲ' ಅನ್ನುವವರನ್ನು ಹೇಗೆ ಜಗಿದಿರಿ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಅಲ್ಲೇ ಸಿಗುತ್ತದೆ. ಚಪಚಪ ಜಗಿದು ರಸ ನುಂಗಿರುತ್ತಾರೆ. ನುಂಗಿದ ನಿಕೋಟಿನ್ನಿನ ಹೆಚ್ಚಿನ ಪಾಲನ್ನು ಯಕೃತ್ತು ಮೊದಲೇ ಒಡೆದುಹಾಕುತ್ತದೆ. ಮಿದುಳಿಗೆ ಸಿಗುವುದು ಅಷ್ಟಕ್ಕಷ್ಟೇ, ಹೊಟ್ಟೆಗೆ ಸಿಗುವುದು ಬಿಕ್ಕಳಿಕೆ, ಎದೆಯುರಿ, ಓಕರಿಕೆ. ಸರಿಯಾದ ಕ್ರಮ ಹೀಗೆ: ನಿಧಾನವಾಗಿ ಜಗಿಯಿರಿ. ನಾಲಿಗೆಗೆ ಮೆಣಸಿನಂಥ ಚುರುಕು ತಾಗಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಕಡ್ಡಿಪುಡಿ ಒತ್ತಿಟ್ಟುಕೊಂಡ ಹಾಗೆ ಇಟ್ಟುಕೊಳ್ಳಿ. ಚುರುಕು ಆರಿದ ಮೇಲೆ ಮತ್ತೆ ನಾಲ್ಕೈದು ಸಲ ಜಗಿದು ಇನ್ನೊಂದು ಕೆನ್ನೆಗೆ. ಒಂದು ಗಮ್ ಅರ್ಧ ಗಂಟೆ ಬರಬೇಕು. ಜಗಿಯುವ ಕಾಲು ಗಂಟೆ ಮೊದಲಿನಿಂದ ಮುಗಿಯುವವರೆಗೆ ಕಾಫಿ, ನಿಂಬೆ ಪಾನಕ, ಕೋಲಾ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಕೆನ್ನೆಯೊಳಗೆ ಇಳಿಯುವುದಿಲ್ಲ.

ಎರಡನೇ ತಪ್ಪು ಪ್ರಮಾಣದ್ದು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ ಬೇಕು, ಉಳಿದವರಿಗೆ 2 ಸಾಕು. ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಸಿಗುವುದು 2. ನಾಲ್ಕಕ್ಕೆ ವೈದ್ಯರ ಚೀಟಿ ಬೇಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ದಿನಕ್ಕೆ ಒಂಬತ್ತಕ್ಕೆ ಕಡಿಮೆಯಿಲ್ಲದೆ, 24 ದಾಟದೆ. ಆಮೇಲೆ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ನಮ್ಮವರು ದಿನಕ್ಕೆ ಎರಡು ಜಗಿದು, ಚಡಪಡಿಕೆ ತಡೆಯದೆ ಸಿಗರೇಟು ಹಚ್ಚಿ, ಗಮ್‌ಗೆ ಬೈಯುತ್ತಾರೆ. ವೇಪ್ ಹಿಡಿದವರು ಗೆದ್ದದ್ದರಲ್ಲಿ ಇದರ ಪಾತ್ರವೂ ಇರಬಹುದು. ಅದನ್ನು ಬೇಕೆನಿಸಿದಾಗಲೆಲ್ಲ ಎಳೆಯುತ್ತಾರೆ, ಗಮ್ಮನ್ನು ಮಾತ್ರ ಔಷಧಿಯೆಂದು ಹೆದರಿ ಉಳಿಸಿಡುತ್ತಾರೆ.

ಗಮ್ ಒಂದೇ ಸಾಲದವರಿಗೆ ಅದರ ಜೊತೆ ಪ್ಯಾಚ್. ಒಂದಕ್ಕಿಂತ ಎರಡೂ ಸೇರಿದಾಗ ಫಲ ಹೆಚ್ಚು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ ಆರು ವಾರ 21, ಎರಡು ವಾರ 14, ಎರಡು ವಾರ 7 ಮಿಲಿಗ್ರಾಂ. ಕೂದಲಿಲ್ಲದ ಒಣ ಚರ್ಮದ ಮೇಲೆ, ದಿನಾ ಬೇರೆ ಜಾಗಕ್ಕೆ. ರಾತ್ರಿಯೂ ಇಟ್ಟುಕೊಂಡರೆ ಬೆಳಗಿನ ಆ ಮೊದಲ ಸಿಗರೇಟಿನ ಒತ್ತಡ ತಗ್ಗುತ್ತದೆ. ನಿದ್ದೆ ಕೆಟ್ಟರೆ ಮಲಗುವಾಗ ತೆಗೆದು, ಬೆಳಿಗ್ಗೆ ಕಾಫಿಗೆ ಮೊದಲು ಗಮ್. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ಕೇಳದೆ ಶುರುಮಾಡಬೇಡಿ. ಮೂತ್ರಪಿಂಡದ ತೊಂದರೆಯಿದ್ದರೆ ವರೆನಿಕ್ಲಿನ್ ಪ್ರಮಾಣ ತಗ್ಗಿಸಬೇಕಾದೀತು, ಅದನ್ನು ಹೊಟ್ಟೆ ತುಂಬಿದ ಮೇಲೆ ನುಂಗಿದರೆ ಓಕರಿಕೆ ಕಡಿಮೆ.

ಹತ್ತಿರದಲ್ಲಿ ಕ್ಲಿನಿಕ್ ಇಲ್ಲದವರು 1800-11-2356ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ. ಕ್ಲಿನಿಕ್ಕಿಗೆ ಎರಡನೇ ಸಲ ಬರುವವರು ಖಾಲಿಯಾದ ಗಮ್ ಸ್ಟ್ರಿಪ್‌ಗಳನ್ನು ಬಿಸಾಡದೆ ತನ್ನಿ. ಎರಡು ವಾರಕ್ಕೆ ನೂರಿಪ್ಪತ್ತೈದರ ಹತ್ತಿರ ಗಮ್ ಖಾಲಿಯಾಗಿರದಿದ್ದರೆ, ಔಷಧಿ ಬದಲಿಸುವ ಮಾತು ಆಮೇಲೆ ಆಡೋಣ.