ಮಾತ್ರೆ ಏನೂ ಇಲ್ಲ ಡಾಕ್ಟ್ರೇ, ಬರೀ ಪೌಡರ್

"ಏನಾದರೂ ಮಾತ್ರೆ ತಗೊಳ್ತಾ ಇದ್ದೀರಾ?"

"ಇಲ್ಲ ಡಾಕ್ಟ್ರೇ."

"ಆಯುರ್ವೇದ, ಹೋಮಿಯೋಪತಿ?"

"ಏನೂ ಇಲ್ಲ."

ಮುಂಬೈ ಪಕ್ಕದ ಡೊಂಬಿವಲಿಯ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತುಕತೆ ವಾರಕ್ಕೆ ಒಂದು ಸಲವಾದರೂ ನಡೆಯುತ್ತದೆ. ಮೂರನೇ ಸಲ "ಟೀ, ಪೌಡರ್, ಕ್ಯಾಪ್ಸೂಲ್, ಯಾರೋ ಪರಿಚಯದವರು ಕೊಟ್ಟಿದ್ದು?" ಅಂದಾಗ ಆಕೆ ಗಂಡನ ಮುಖ ನೋಡುತ್ತಾರೆ. ಆಮೇಲೆ ಬ್ಯಾಗಿನಿಂದ ಡಬ್ಬಿ ಹೊರಗೆ ಬರುತ್ತದೆ. "ಇದು ಔಷಧಿ ಅಲ್ಲ ಅಲ್ವಾ? ಗಿಡಮೂಲಿಕೆ. ತೂಕ ಇಳಿಯೋಕೆ."

ಹೋದ ಮಳೆಗಾಲದಲ್ಲಿ ಬಂದ ಅಕ್ಕ ಒಬ್ಬರಿಗೆ ಕಣ್ಣು ಅರಿಸಿನದ ನೀರು ಬಿದ್ದ ಹಾಗೆ ಹಳದಿಯಾಗಿತ್ತು. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಒಂಬೈನೂರು ದಾಟಿತ್ತು. ಕಾಮಾಲೆ ತರುವ ವೈರಸ್‌ಗಳ ಪರೀಕ್ಷೆ ಎಲ್ಲ ಮಾಡಿಸಿದೆವು, ಒಂದೂ ಸಿಗಲಿಲ್ಲ. ಕುಡಿತವಂತೂ ಇಲ್ಲವೇ ಇಲ್ಲ. ನಾಲ್ಕನೇ ದಿನ ಅವರ ಮಗಳು ಮರಾಠಿ ಪೇಪರಿನಲ್ಲಿ ಸುತ್ತಿದ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು. ಸೊಸೈಟಿಯ ಭಿಶಿಯಲ್ಲಿ, ಅಂದರೆ ಹೆಂಗಸರ ಚೀಟಿ ಗುಂಪಿನಲ್ಲಿ, ಗೆಳತಿಯೊಬ್ಬರು ಮಾರಿದ್ದು. ಗ್ರೀನ್ ಟೀ ಸತ್ವ, ಗಾರ್ಸೀನಿಯಾ, ಇನ್ನೂ ಏನೇನೋ. ಆ ಡಬ್ಬಿಯೇ ಕಾರಣ ಅಂತ ನಾನು ಪ್ರಮಾಣ ಮಾಡಲಾರೆ. ಬೇರೆ ಕಾರಣಗಳನ್ನೆಲ್ಲ ತೆಗೆದ ಮೇಲೆ ಉಳಿದದ್ದು ಅದೊಂದೇ. ನಿಲ್ಲಿಸಿದರು, ಎರಡು ತಿಂಗಳಲ್ಲಿ ಸರಿಹೋದರು. ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಇಂಥವುಗಳಿಂದ ಲಿವರ್ ಪೂರ್ತಿ ಕೆಟ್ಟು ಕಸಿ ಮಾಡಿಸಬೇಕಾದವರೂ ಇದ್ದಾರೆ.

ಇಲ್ಲಿ ಸ್ವಲ್ಪ ತಾಳ್ಮೆಯಿಂದ ಕೇಳಿ, ನಾನು ಗಂಟಲು ಒಣಗುವಷ್ಟು ಸಲ ಹೇಳಿದ ಮಾತು ಇದು. ಆ ಪೌಡರ್ ನಿಜವಾಗಿ ಕೊಬ್ಬು ಕರಗಿಸುತ್ತದೆ ಅಂತಾದರೆ ಅದು ಮೈಯೊಳಗೆ ಏನೋ ಕೆಲಸ ಮಾಡುತ್ತಿದೆ. ಕೆಲಸ ಮಾಡುವ ವಸ್ತು ತೊಂದರೆಯನ್ನೂ ಮಾಡಬಲ್ಲದು. ಇಲ್ಲ, ಅದರಿಂದ ಯಾವ ತೊಂದರೆಯೂ ಆಗಲು ಸಾಧ್ಯವೇ ಇಲ್ಲ ಅಂತಾದರೆ, ಬಹುಶಃ ಅದು ಏನೂ ಮಾಡುತ್ತಿಲ್ಲ. ಹಾಗಿದ್ದರೆ ಮೂರು ಸಾವಿರ ರೂಪಾಯಿ ಯಾಕೆ ಕೊಟ್ಟಿರಿ? ಎರಡೂ ಒಟ್ಟಿಗೆ ಸಿಗುವುದಿಲ್ಲ. ಲಿವರ್‌ಗೆ ಡಬ್ಬಿಯ ಮೇಲಿನ ಹಸಿರು ಎಲೆಯ ಚಿತ್ರ ಕಾಣಿಸುವುದೂ ಇಲ್ಲ. ಹೊಟ್ಟೆಗೆ ಹೋದದ್ದನ್ನೆಲ್ಲ ಅದು ಅರಗಿಸಲೇಬೇಕು.

ಗಾರ್ಸೀನಿಯಾ ಅಂದರೆ ಹೊರದೇಶದ ಮೂಲಿಕೆ ಅಂದುಕೊಳ್ಳಬೇಡಿ. ನಮ್ಮ ಉಪ್ಪಾಗೆ ಅದು, ಪುನರ್ಪುಳಿಯ ದಾಯಾದಿ. ಸಾರಿಗೆ ಹುಳಿ ಬೇಕಾದಾಗ ಒಂದೆರಡು ಸಿಪ್ಪೆ ಹಾಕುತ್ತೇವೆ, ಯಾರಿಗೂ ಏನೂ ಆಗಿಲ್ಲ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ ಇದರ ಸತ್ವವನ್ನು 12 ವಾರ ಪರೀಕ್ಷೆ ಮಾಡಿದರು. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಿಂದವರಿಗಿಂತ ಇದನ್ನು ತಿಂದವರು ಜಾಸ್ತಿ ಇಳಿಯಲಿಲ್ಲ. ಗ್ರೀನ್ ಟೀ ಕಥೆಯೂ ಹೀಗೇ. ಲೋಟದಲ್ಲಿ ಕುಡಿಯಿರಿ, ನನ್ನ ಅಡ್ಡಿ ಇಲ್ಲ. ಆದರೆ ಕ್ಯಾಪ್ಸೂಲಿನಲ್ಲಿ ಅದರ ಸತ್ವವನ್ನು ಹಿಂಡಿ ತುಂಬಿರುತ್ತಾರೆ. ಅದರಲ್ಲಿರುವ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ಪೆಟ್ಟಾಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಇನ್ನು 'ಡಿಟಾಕ್ಸ್ ಟೀ' ಅಂತ ಬರುವ ಎಷ್ಟೋ ಪೊಟ್ಟಣಗಳಲ್ಲಿ ಇರುವುದು ಸೋನಾಮುಖಿ, ಭೇದಿಯ ಔಷಧಿ. ಇಳಿಯುವುದು ನೀರು, ಬೊಜ್ಜಲ್ಲ.

ನನಗೆ ಜಾಸ್ತಿ ಹೆದರಿಕೆ ಇರುವುದು ಚೆನ್ನಾಗಿ ಕೆಲಸ ಮಾಡುವ ಡಬ್ಬಿಗಳ ಬಗ್ಗೆ. ಮಾಟುಂಗಾ ಕಡೆ ಹೋಟೆಲ್ ನಡೆಸುವ ಅಣ್ಣ ಒಬ್ಬರು ಬಂದರು. ಬೆಳಿಗ್ಗೆ ಆರರಿಂದ ಗಲ್ಲೆಯ ಮೇಲೆ ಕೂರುವವರು, ಒಂದೇ ತಿಂಗಳಲ್ಲಿ ಆರು ಕಿಲೋ ಇಳಿದಿದ್ದರು. ಹಸಿವೇ ಇಲ್ಲ, ನಿದ್ದೆ ಇಲ್ಲ, ಎದೆ ಡವಡವ. ಬಿಪಿ 170ಕ್ಕೆ 110. ಸೊಪ್ಪಿನ ಪುಡಿ ಹೀಗೆ ಮಾಡುವುದಿಲ್ಲ! ಇಂಥ ಕ್ಯಾಪ್ಸೂಲುಗಳಲ್ಲಿ ಲೇಬಲ್ ಮೇಲೆ ಬರೆಯದೆ ಹಸಿವು ಕುಗ್ಗಿಸುವ ಸಿಬುಟ್ರಾಮಿನ್ ಬೆರೆಸಿದ್ದು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದಿಂದಾಗಿ ಭಾರತದಲ್ಲಿ 2011ರಲ್ಲಿ ನಿಷೇಧವಾದ ಔಷಧಿ ಅದು. ಅವರ ಕ್ಯಾಪ್ಸೂಲನ್ನು ನಾನು ಲ್ಯಾಬಿಗೆ ಕಳಿಸಲಿಲ್ಲ, ಹಾಗಾಗಿ ಅದೇ ಇತ್ತು ಅನ್ನಲಾರೆ. ನಿಲ್ಲಿಸಿದ ಹತ್ತು ದಿನಕ್ಕೆ ಬಿಪಿ ಇಳಿಯಿತು, ಅಷ್ಟು ಗೊತ್ತು.

"ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲ ಡಾಕ್ಟ್ರೇ," ಅಂತ ಅವರು ಡಬ್ಬಿ ತಿರುಗಿಸಿ ತೋರಿಸಿದರು. "ಆ 14 ಅಂಕಿ ನಿಮ್ಮ ಹೋಟೆಲಿನ ಬಿಲ್ ಮೇಲೂ ಇದೆ. ನಿಮ್ಮ ಮಸಾಲೆ ದೋಸೆ ತಿಂದವರು ಸಣ್ಣಗಾಗ್ತಾರಾ?" ಅಂದೆ. ನಕ್ಕುಬಿಟ್ಟರು. ಆ ನಂಬರ್ ಆಹಾರ ವ್ಯಾಪಾರದ ಲೈಸೆನ್ಸು. ತೂಕ ಇಳಿಯುತ್ತದೆ ಅನ್ನುವುದಕ್ಕೆ ಸರ್ಟಿಫಿಕೇಟ್ ಅಲ್ಲ. ಬೊಜ್ಜು ವಾಸಿ ಮಾಡುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದೇ 1954ರ ಕಾಯ್ದೆಯಲ್ಲಿ ತಪ್ಪು. ಆದರೂ ಅಂಥ ಚೀಟಿಗಳು ಲೋಕಲ್ ಟ್ರೈನಿನ ಗೋಡೆಯ ತುಂಬ ಇವೆ.

ನನಗೆ ಆಯುರ್ವೇದ ವೈದ್ಯರ ಮೇಲೆ, ಕಷಾಯದ ಮೇಲೆ ಸಿಟ್ಟಿಲ್ಲ. ಕಲಿತ ವೈದ್ಯರು ನಾಡಿ ನೋಡಿ ಕೊಟ್ಟದ್ದಾದರೆ ಆ ಚೀಟಿ ತನ್ನಿ, ಒಟ್ಟಿಗೆ ನೋಡೋಣ. ಥೈರಾಯ್ಡ್, ಶುಗರ್, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು. ಮೂತ್ರ ಕಪ್ಪಾಯಿತು, ಊಟ ಸೇರುತ್ತಿಲ್ಲ, ಮೈ ತುರಿಸುತ್ತದೆ ಅಂದರೆ ಡಬ್ಬಿ ಅಲ್ಲಿಗೇ ನಿಲ್ಲಿಸಿ, ಅದನ್ನು ಹಿಡಿದುಕೊಂಡೇ ಬನ್ನಿ.

ಆ ಅಕ್ಕ ಕೊನೆಯ ಸಲ ಬಂದಾಗ ಕಣ್ಣು ಬಿಳಿಯಾಗಿತ್ತು. ರಿಪೋರ್ಟ್ ನೋಡಿ ಸಮಾಧಾನವಾಯಿತು. ಏಳುವಾಗ ಬಾಗಿಲ ಹತ್ತಿರ ನಿಂತು, ಸಣ್ಣ ದನಿಯಲ್ಲಿ ಕೇಳಿದರು.

"ಡಾಕ್ಟ್ರೇ, ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆ. ಸುಮ್ನೆ ಬಿಸಾಡೋದು ಯಾಕೆ? ತಂಗಿಗೆ ಕೊಡಲಾ?"