ಮಗಳ ಲಗ್ನ ಮುಗಿದ ಮೇಲೆ ಗುಳಿಗೆ ಯಾರಿಗೆ?

“ಮಗಳ ಲಗ್ನ ಮುಗೀತ್ರಿ ಮೇಡಂ. ಇನ್ನ ಈ ಗುಳಿಗಿ ಯಾರ ಸಲುವಾಗಿ ನುಂಗ್ಲಿ?”

ಬಾಗಲಕೋಟೆ ಕಡೆ ಎಚ್‌ಐವಿ ಇರುವವರ ಕೌನ್ಸೆಲರ್ ಆಗಿರುವ ನಾನು ಈಚೆಗೆ ಈ ಮಾತನ್ನು ಜಾಸ್ತಿ ಕೇಳುತ್ತಿದ್ದೇನೆ. ದೇಶದಲ್ಲಿ ಸರ್ಕಾರದ ಉಚಿತ ಎಆರ್‌ಟಿ (ವೈರಸ್ ಅನ್ನು ಹತೋಟಿಯಲ್ಲಿಡುವ, ದಿನಾ ನುಂಗುವ ಗುಳಿಗೆ) ಶುರುವಾಗಿದ್ದು 2004ರ ಏಪ್ರಿಲ್‌ನಲ್ಲಿ. ಆಮೇಲಿನ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದ ಹೆಂಗಸರಿಗೆ ನಾವೇ ಹೇಳಿದ್ದೆವು, ‘ಮಕ್ಕಳ ಮುಖ ನೋಡಿ ಗುಳಿಗೆ ತಗೊಳ್ಳಿ’ ಅಂತ. ತಗೊಂಡರು. ಬದುಕಿದರು. ಈಗ ಮಕ್ಕಳು ದೊಡ್ಡವರಾಗಿ ಅವರವರ ಮನೆ ಸೇರಿದ್ದಾರೆ, ನಾವು ಕೊಟ್ಟಿದ್ದ ಕಾರಣವೂ ಅವರ ಹಿಂದೆಯೇ ಹೊರಟುಹೋಗಿದೆ.

ಇದನ್ನು ಸೋಮಾರಿತನ ಅಂತ ಬೈಯಬೇಡಿ. ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ) ರಿಪೋರ್ಟ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಮನಸ್ಸೂ ಚೆನ್ನಾಗಿದೆ ಅಂತಲ್ಲ. ಆದರೆ ಗುಳಿಗೆ ಬಿಟ್ಟರೆ ವೈರಸ್ ಮತ್ತೆ ಏರುತ್ತದೆ, ಕೆಲವೊಮ್ಮೆ ಅದೇ ಔಷಧಿಗೆ ಬಗ್ಗದಂತೆಯೂ ಆಗುತ್ತದೆ. ಹಾಗಾಗಿ ‘ಯಾರಿಗೋಸ್ಕರ’ ಅನ್ನುವುದು ಚಿಕಿತ್ಸೆಯದೇ ಪ್ರಶ್ನೆ.

ಮೊದಲು ನಾನು ನೋಡುವುದು ಖಿನ್ನತೆ ಇದೆಯಾ ಅಂತ. ಎರಡು ವಾರದಿಂದ ನಿದ್ದೆ, ಊಟ, ಆಸೆ ಯಾವುದೂ ಇಲ್ಲ, ಸಾಯುವ ಯೋಚನೆ ಬರುತ್ತಿದೆ ಅಂದರೆ ಬದುಕಿನ ಅರ್ಥದ ಮಾತು ಆಮೇಲೆ, ಮೊದಲು ಮನೋವೈದ್ಯರು. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಖಿನ್ನತೆ ಇಲ್ಲದಿದ್ದರೂ ಒಳಗೆ ಖಾಲಿ ಖಾಲಿ ಅನ್ನಿಸುವವರಿದ್ದಾರೆ. ಅವರಿಗೆ ‘ಕಾಯಿಲೆ ನಿಮಗೆ ಬದುಕಿನ ಬೆಲೆ ಕಲಿಸಿತು’ ಅಂತ ನಾನು ಹೇಳುವುದಿಲ್ಲ. ಹಾಗೆ ಅನ್ನಿಸಿದರೆ ಅವರೇ ಹೇಳಲಿ, ಹೇಳುವವರೂ ಇದ್ದಾರೆ. ಇಪ್ಪತ್ತು ವರ್ಷ ಗುಳಿಗೆ ಡಬ್ಬಿಯ ಚೀಟಿ ಕಿತ್ತು, ಜೋಳದ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟವರಿಗೆ ತಮಗೇನು ಇಷ್ಟ ಅಂತ ಯೋಚಿಸೋಕೆ ಪುರುಸೊತ್ತೇ ಇರಲಿಲ್ಲ ಅಲ್ವಾ? ಅದಕ್ಕೇ ನಾನು ಕೇಳುವುದು ಇಷ್ಟೇ: ಈ ಕಾಯಿಲೆ ಗೊತ್ತಾಗೋಕೆ ಮುಂಚೆ ನಿಮಗೆ ಯಾವ ಕೆಲಸ ಮಾಡಿದರೆ ಖುಷಿ ಆಗ್ತಿತ್ತು?

ಮಗಳ ಲಗ್ನ ಮುಗಿಸಿ ಬಂದಿದ್ದ ಆ ತಾಯಿ ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ತವರುಮನೆಯ ಮಗ್ಗದ ಮಾತು ತೆಗೆದರು. ಸಣ್ಣವರಿದ್ದಾಗ ಇಳಕಲ್ ಸೀರೆಗೆ ಕಂಡಿಕೆ (ನೂಲಿನ ಸುರುಳಿ) ಸುತ್ತುತ್ತಿದ್ದರಂತೆ, ಗಂಡ ಸತ್ತ ಮೇಲೆ ಆ ಕಡೆ ಹೋಗಿರಲಿಲ್ಲವಂತೆ. ಮುಂದಿನ ತಿಂಗಳು ಬಂದಾಗ ಡಬ್ಬಿ ತೋರಿಸಿದರು. ಮೂರು ಗುಳಿಗೆ ಮಾತ್ರ ತಪ್ಪಿತ್ತು. “ಅಣ್ಣನ ಮನೀಗೆ ಹೋಗಿದ್ದೆರಿ,” ಅಂದರು, “ಕೈ ಇನ್ನೂ ಮರ್ತಿಲ್ಲ.”